ವಾರಕ್ಕೆ ಮೂವತ್ತು ಗಂಟೆ

ಉದ್ಯೋಗ ಕಚೇರಿಯ ಸಲಹೆಗಾರ ಕೆಂಪು ಪೆನ್ನು ತೆಗೆದು ಅವಳ ಪುಸ್ತಕದ ಮಂಗಳವಾರವನ್ನು ಹೊಡೆದುಹಾಕಿದ. ಆಮೇಲೆ ಬುಧವಾರವನ್ನು. ಗುರುವಾರದಲ್ಲಿ ಒಂದೂವರೆ ಗಂಟೆ ಉಳಿಸಿದ. ಅವತ್ತು ಅವಳು ಎರಡು ಹೋಟೆಲಿನ ಹಿಂಬಾಗಿಲಿಗೆ ಹೋಗಿ, ಪಾತ್ರೆ ತೊಳೆಯುವ ಕೆಲಸ ಇದೆಯಾ ಎಂದು ಕೇಳಿ, ಇಲ್ಲ ಅನ್ನಿಸಿಕೊಂಡು ಬಂದಿದ್ದಳು. ಇಲ್ಲ ಅನ್ನಿಸಿಕೊಂಡದ್ದು ಲೆಕ್ಕಕ್ಕೆ ಬಂತು. ಮಿಕ್ಕಿದ್ದು ಬರಲಿಲ್ಲ.

"ದಯವಿಟ್ಟು ಅರ್ಥ ಮಾಡ್ಕೊಳ್ಳಿ ಅಮ್ಮಾ. ನೀರು ಹೊತ್ತು ತಂದೆ, ಅತ್ತೆಗೆ ಸ್ನಾನ ಮಾಡಿಸಿದೆ, ಅತ್ತೆ ಬಟ್ಟೆ ಒಗೆದೆ ಅಂತ ಬರೆದಿದೀರಿ. ಇವೆಲ್ಲ ಮನೆಗೆಲಸ."

"ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದೀನಿ ಸಾರ್. ನಿದ್ದೆ ಹೊಡೆದಿದ್ದನ್ನ ನಾನು ಬರೆದಿಲ್ಲ."

"ಮಾಡಿಲ್ಲ ಅಂತ ನಾನೆಲ್ಲಿ ಅಂದೆ? ಆದ್ರೆ ಅದು ಕಾಲದ ಸದುಪಯೋಗ ಅಲ್ಲ."

ಕೆಲಸ ಹುಡುಕುವವರು ಖಾಲಿ ಕೂರಬಾರದು ಎಂಬುದು ಉದ್ಯೋಗ ಕಚೇರಿಯ ನಿಯಮ. ಅದಕ್ಕಾಗಿ ಪ್ರತಿಯೊಬ್ಬರಿಗೂ ನೀಲಿ ರಟ್ಟಿನ ಒಂದು ವೇಳೆ ಪುಸ್ತಕ ಕೊಡುತ್ತಿದ್ದರು. ಯಾವ ಗಂಟೆಯಲ್ಲಿ ಏನು ಮಾಡಿದೆ ಎಂದು ಬರೆಯಬೇಕು. ವಾರಕ್ಕೆ ಮೂವತ್ತು ಗಂಟೆ ಸದುಪಯೋಗ ಆಗಿರಬೇಕು. ಎರಡು ವಾರ ಕಡಿಮೆ ಬಿದ್ದರೆ ಪಟ್ಟಿಯಿಂದ ಹೆಸರು ಹೋಯಿತು. ಹೆಸರು ಹೋದರೆ ಯಾವ ಹುದ್ದೆಗೂ ಕರೆ ಬರುವುದಿಲ್ಲ, ತಿಂಗಳ ದಿನಸಿ ಚೀಟಿಯೂ ಸಿಗುವುದಿಲ್ಲ. ಈ ನಿಯಮ ಮಾಡಿದವನು ಯಾರೋ, ಅವನು ಮಾತ್ರ ಒಂದು ಗಂಟೆಯೂ ಕೆಲಸ ಹುಡುಕಿದವನಲ್ಲ.

"ಹಾಗಾದ್ರೆ ಯಾವುದು ಲೆಕ್ಕಕ್ಕೆ ಬರತ್ತೆ ಸಾರ್?"

ಸಲಹೆಗಾರ ಬೆರಳು ಮಡಿಸಿದ. "ತರಬೇತಿ. ಸ್ವಯಂಸೇವೆ. ಅನುಭವ."

"ಅನುಭವ ಹತ್ತೊಂಬತ್ತು ವರ್ಷದ್ದಿದೆ."

"ಅದು ಹಳೇದಾಯ್ತಲ್ಲಮ್ಮ. ಹೊಸದು ಬೇಕು."

ಆ ಹತ್ತೊಂಬತ್ತು ವರ್ಷವನ್ನು ಅವಳು ಕಳೆದದ್ದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆ. ಕಿಟಕಿಯಿಲ್ಲ. ರಕ್ತ, ಕೀವು, ಮಲ, ಮೂತ್ರ, ವಾಂತಿ ಮೆತ್ತಿದ ಬೆಡ್‌ಶೀಟುಗಳು ಮೇಲಿನಿಂದ ಮೂಟೆಗಟ್ಟಲೆ ಇಳಿದು ಬರುತ್ತಿದ್ದವು. ಬೆಳ್ಳಗಾಗಿ ಮೇಲೆ ಹೋಗುತ್ತಿದ್ದವು. ಲಾಂಡ್ರಿಯವರಿಗೆ ಆಸ್ಪತ್ರೆಯ ಮುಂಬಾಗಿಲು ಇರಲಿಲ್ಲ, ಕ್ಯಾಂಟೀನೂ ಇರಲಿಲ್ಲ. ವಾಸನೆ ಬರುತ್ತದೆ ಎಂದು ಯಾರೋ ಒಂದು ದಿನ ಮೂಗು ಮುಚ್ಚಿಕೊಂಡಿದ್ದರು. ಅಂದಿನಿಂದ ಲಾಂಡ್ರಿಯವರ ಊಟ ಬಾಯ್ಲರಿನ ಪಕ್ಕದಲ್ಲಿ. ಒಂಬತ್ತು ಜನರಲ್ಲಿ ಅವಳೇ ಹಿರಿಯಳು, ಎಲ್ಲರಿಗೂ ದೊಡ್ಡಕ್ಕ. ಗುತ್ತಿಗೆದಾರ ಬದಲಾದ. ಹೊಸಬ ಗೋಡೆಗೆ ಒಂದು ಹಾಳೆ ಅಂಟಿಸಿದ. ಒಂಬತ್ತೂ ಜನ ಒಂದೇ ಸಂಜೆ ಬೀದಿಗೆ ಬಿದ್ದರು.

ಮನೆಯೆಂದರೆ ಒಂದೇ ಕೋಣೆ. ಕಿಟಕಿಯ ಬಳಿ ಅತ್ತೆಯ ಮಂಚ. ಗಂಡ ಸತ್ತು ಎಂಟು ವರ್ಷವಾಗಿತ್ತು. ಅವನು ಬಿಟ್ಟುಹೋದ ಆಸ್ತಿ ಅಂದರೆ ಈ ಮುದುಕಿ. ಮುದುಕಿಯ ಕಾಲು ಬಿದ್ದುಹೋಗಿ ಐದು ವರ್ಷ, ನಾಲಗೆ ಮಾತ್ರ ಗಟ್ಟಿಮುಟ್ಟಾಗಿತ್ತು.

"ಏನಂತೆ ನಿನ್ನ ಸಾಹೇಬಂದು?"

"ನಿಮಗೆ ಸ್ನಾನ ಮಾಡಿಸಿದ್ದು ಕೆಲಸ ಅಲ್ವಂತೆ ಅತ್ತೆ."

"ಬಂದು ಒಂದಿನ ನನ್ನ ಎತ್ತಿ ಕೂರಿಸ್ಲಿ. ಕೆಲಸ ಹೌದೋ ಅಲ್ವೋ, ಅವನ ಸೊಂಟಾನೇ ಹೇಳತ್ತೆ."

ದೊಡ್ಡಕ್ಕ ನಕ್ಕಳು. ಆಮೇಲೆ ಮುದುಕಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಕೆಳಗಿನ ಬಟ್ಟೆ ಬದಲಿಸಿದಳು. ಹತ್ತು ನಿಮಿಷ ಹಿಡಿಯಿತು. ಪುಸ್ತಕದಲ್ಲಿ ಬರೆಯಲಿಲ್ಲ.

ಮುಂದಿನ ವಾರ ಸಲಹೆಗಾರ ನಗುನಗುತ್ತಾ ಒಂದು ಪತ್ರ ಕೊಟ್ಟ. ಹನ್ನೆರಡು ವಾರದ ಅನುಭವ. ದಿನಕ್ಕೆ ಆರು ಗಂಟೆ, ವಾರಕ್ಕೆ ಸರಿಯಾಗಿ ಮೂವತ್ತು. ಸಂಬಳವಿಲ್ಲ, ಪ್ರಮಾಣಪತ್ರ ಉಂಟು. ಜಾಗ: ದೊಡ್ಡ ಆಸ್ಪತ್ರೆಯ ಲಾಂಡ್ರಿ.

"ಸಾರ್, ಇದು ನನ್ನ ಜಾಗ! ನನ್ನನ್ನ ಓಡಿಸಿದ ಜಾಗ!"

"ಒಳ್ಳೇದೇ ಆಯ್ತಲ್ಲ. ಬೇಗ ಕಲೀತೀರಿ."

ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು, ಒಂದು ಮಾತು ತಿರುಗಿಸಿ ಅನ್ನಬಹುದಿತ್ತು. ಅವಳು ಪತ್ರ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಮೂಗಿನ ಮುಂದೆ ಇಷ್ಟು ದಿನ ಮುಚ್ಚಿದ್ದ ಬಾಗಿಲಲ್ಲವೇ, ಹೇಗೋ ಒಳಗೆ ಕಾಲಿಟ್ಟರೆ ಆಮೇಲೆ ನೋಡಿಕೊಳ್ಳೋಣ ಎಂದುಕೊಂಡಳು. ಆಸೆ ಅಂಥದ್ದು.

ಒಳಗೆ ಅವಳೂ ಸೇರಿ ಎಂಟು ಜನ ಕಲಿಯುವವರಿದ್ದರು. ಹಳೆಯ ಒಂಬತ್ತು ಜನರ ಕೆಲಸವನ್ನು ಎಂಟು ಜನ ಬಿಟ್ಟಿ ಮಾಡುತ್ತಿದ್ದರು. ಗುತ್ತಿಗೆದಾರನ ಕಡೆಯ ಸಂಬಳದವನು ಒಬ್ಬನೇ, ಮೇಲ್ವಿಚಾರಕ. ಅವನ ಬೂಟು ಫಳಫಳ ಹೊಳೆಯುತ್ತಿತ್ತು. ನೆಲದ ಮೇಲೆ ಒಂದು ಹಳದಿ ಗೆರೆ ಎಳೆಸಿದ್ದ. ಕೊಳೆಬಟ್ಟೆ ಅದರಾಚೆ, ಅವನು ಅದರೀಚೆ.

"ನೀವೆಲ್ಲ ಇಲ್ಲಿ ಕಲಿಯೋಕೆ ಬಂದಿರೋದು," ಎಂದ ಮೊದಲ ದಿನ. "ಸಂಬಳದ ಮಾತು ಎತ್ತಬಾರದು."

ಒಂದು ಗಂಟೆ ಕಳೆದ ಮೇಲೆ ಗೆರೆಯ ಈಚೆಯಿಂದಲೇ ಅವಳನ್ನು ಕರೆದ. "ಈ ದೊಡ್ಡ ಮೆಷಿನ್ನು ಬಾಗಿಲು ಹಾಕಿದ್ರೂ ನೀರು ಬಿಡ್ತಿದೆ. ಯಾಕೆ?"

"ರಬ್ಬರಿಗೆ ನೂಲು ಸಿಕ್ಕೊಂಡಿರತ್ತೆ ಸಾರ್." ಬಗ್ಗಿ ಬೆರಳು ಹಾಕಿ ತೆಗೆದಳು. ಅಂದಿನಿಂದ ಮಿಕ್ಕ ಏಳು ಜನಕ್ಕೂ ಕಲಿಸುವವಳು ಅವಳೇ. ಅವಳ ಪುಸ್ತಕದಲ್ಲಿ ಮಾತ್ರ ಅವನು ಬರೆದು ಸಹಿ ಹಾಕುತ್ತಿದ್ದದ್ದು: "ಕಲಿಯುತ್ತಿದ್ದಾರೆ. ಪ್ರಗತಿ ತೃಪ್ತಿಕರ."

ಎಂಟರಲ್ಲಿ ಒಬ್ಬ ಟೈಲರ್, ಬಟ್ಟೆ ಕಾರ್ಖಾನೆ ಮುಚ್ಚಿ ಇಲ್ಲಿಗೆ ಬಂದವನು. "ಹೊಲಿಯೋನು ಒಗೆಯೋಕೆ ಬಂದೆ, ಇನ್ನು ಇಸ್ತ್ರಿ ಒಂದು ಕಲಿತ್ರೆ ಪೂರ್ತಿ ಅಂಗಡೀನೇ ನಾನು," ಎನ್ನುತ್ತಿದ್ದ. ಇನ್ನೊಬ್ಬಳು ಟೀಚರ್. ಚಿಕ್ಕ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಮಕ್ಕಳು ಕಡಿಮೆಯಾದರೆಂದು ತೆಗೆದರು. ಮೂವತ್ತರ ಆಸುಪಾಸು. ತೆಳ್ಳಗಿನ ಕೈ, ಕತ್ತರಿಸಿದ ಉಗುರು, ಯಾವಾಗಲೂ ಅಚ್ಚುಕಟ್ಟು. ಮೊದಲ ಮೂಟೆ ಬಿಚ್ಚಿದಾಗ ಬಾಯಿ ಮುಚ್ಚಿಕೊಂಡು ಬಾಗಿಲಿಗೆ ಓಡಿದಳು. ಬಾಯಿ ತೊಳೆದುಕೊಂಡು ತಿರುಗಿ ಬಂದಳು. ಅದು ದೊಡ್ಡಕ್ಕನಿಗೆ ಹಿಡಿಸಿತು.

ಆದರೆ ಆ ಅಚ್ಚುಕಟ್ಟೇ ಅಪಾಯದ್ದು. ಕೊಳೆಬಟ್ಟೆಯನ್ನು ಮೇಜಿನ ಮೇಲೆ ಹಾಕಿ, ಎರಡು ಮೂಲೆ ಹಿಡಿದು, ಮೈಯಿಂದ ದೂರಕ್ಕೆ ಕೊಡವಬೇಕು. ಕಿವಿ ಅಲ್ಲೇ ಇರಬೇಕು. ವಾರ್ಡಿನವರು ಅವಸರದಲ್ಲಿ ಬಿಟ್ಟ ಸೂಜಿ, ಕತ್ತರಿ, ಬ್ಲೇಡು ಏನಿದ್ದರೂ ತಗಡಿನ ತಟ್ಟೆಗೆ ಟಿಣ್ ಎಂದು ಬೀಳುತ್ತದೆ. ಕೊಡವದ ಬಟ್ಟೆಯ ಮಡಿಕೆಯೊಳಗೆ ಯಾವ ಕಾರಣಕ್ಕೂ ಕೈ ಹಾಕಬಾರದು. ಟೀಚರಿಗೆ ಸುಕ್ಕಾದ ಬಟ್ಟೆಯನ್ನು ಕಂಡರೆ ಆಗುತ್ತಿರಲಿಲ್ಲ. ಒಗೆಯಲು ಹಾಕುವ ಬಟ್ಟೆಯನ್ನೂ ನಾಲ್ಕು ಮಡಿಕೆ ಮಾಡಿ ಅಂಗೈಯಿಂದ ಒತ್ತುತ್ತಿದ್ದಳು.

"ಒಗೆಯೋ ಬಟ್ಟೆ ಮಡಿಸ್ತಾರೇನಮ್ಮ? ಬೀರುವಿನಲ್ಲಿ ಇಡ್ತೀಯಾ?"

"ಕೈ ತಾನಾಗೇ ಹೋಗತ್ತೆ ದೊಡ್ಡಕ್ಕ."

"ಕೈಗೆ ಎರಡು ಬಿಗಿ."

ಮೂರು ಸಲ ಹೇಳಿದ್ದಳು. ಇನ್ನೊಂದು ಸಂಗತಿ. ದಪ್ಪ ರಬ್ಬರಿನ ಗ್ಲೌಸು ಇದ್ದದ್ದು ಎರಡೇ ಜೊತೆ. ಎಂಟು ಜನಕ್ಕೆ ಸರದಿ. ಇನ್ನೆರಡು ಜೊತೆ ತರಿಸಿ ಎಂದು ಕೇಳಿದರೆ ಮೇಲ್ವಿಚಾರಕ, "ನೌಕರರಿಗೆ ಮಾತ್ರ ಲೆಕ್ಕ ಕೊಡ್ತಾರೆ, ಕಲಿಯೋರಿಗೆ ಇಲ್ಲ," ಎಂದಿದ್ದ.

ಹನ್ನೆರಡನೆಯ, ಕೊನೆಯ ವಾರದ ಗುರುವಾರ, ಬೆಳಿಗ್ಗೆ ಎಂಟಕ್ಕೆ ಮೇಲ್ವಿಚಾರಕ ಅವಳನ್ನು ಗೆರೆಯ ಬಳಿ ಕರೆದ. ದನಿ ತಗ್ಗಿಸಿದ.

"ಒಂದು ಹುದ್ದೆ ಮಂಜೂರಾಗಿದೆ. ನಿಮ್ಮ ಹೆಸರು ಬರೆದಿದೀನಿ. ಸೋಮವಾರದಿಂದ ಸಂಬಳ, ಗುರುತು ಚೀಟಿ, ಎಲ್ಲ. ಬೇರೆಯವರ ಹತ್ರ ಬಾಯಿ ಬಿಡಬೇಡಿ."

ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆಗೆ ಹೊಸ ಹಾಸಿಗೆ, ಬೆನ್ನಿನ ಹುಣ್ಣಿಗೆ ಮುಲಾಮು. ಒಬ್ಬರ ಮುಂದೆ ವಾರವಾರ ಪುಸ್ತಕ ಹಿಡಿದು ನಿಲ್ಲುವುದು ತಪ್ಪುತ್ತದೆ. ಬಾಯಿ ಬಿಡಲಿಲ್ಲ. ಕೈ ಎರಡರಷ್ಟು ಓಡಿತು. ಹತ್ತು ಗಂಟೆಗೆ ಆಪರೇಷನ್ ಥಿಯೇಟರಿನ ಮೂಟೆಗಳು ಇಳಿದವು. ಅವು ತುರ್ತಿನವು, ಬೇಗ ಮುಗಿಸಿ ತೋರಿಸಬೇಕು ಎನ್ನಿಸಿತು. ಟೀಚರ್ ಗ್ಲೌಸು ಹಾಕಿಕೊಂಡಿದ್ದಳು, ಅದು ಅವಳ ಸರದಿ.

"ಸ್ವಲ್ಪ ಹೊತ್ತು ಕೊಡಮ್ಮ, ಥಿಯೇಟರಿಂದು ಬಂದಿದೆ."

ಟೀಚರ್ ಬಿಚ್ಚಿ ಕೊಟ್ಟಳು. ಬರಿಗೈಯಲ್ಲಿ ವಾರ್ಡಿನ ಬಟ್ಟೆಗೆ ನಿಂತಳು. ಹತ್ತು ಇಪ್ಪತ್ತಕ್ಕೆ "ಅಯ್ಯೋ" ಎಂದಳು. ಜೋರಾಗೇನೂ ಅಲ್ಲ. ಮಡಿಸಿ ಒತ್ತಿದ ಬೆಡ್‌ಶೀಟಿನ ಮೇಲೆ ಅವಳ ಬಲಗೈ ಇತ್ತು. ಎತ್ತಿದಾಗ ಹೆಬ್ಬೆರಳ ಬುಡದಲ್ಲಿ ಸೂಜಿ ನೆಟ್ಟಗೆ ನಿಂತಿತ್ತು.

ದೊಡ್ಡಕ್ಕ ಸೂಜಿ ಕಿತ್ತಳು. ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದಳು. ಟೀಚರ್ ಅಳಲಿಲ್ಲ. "ಯಾರದು ಸೂಜಿ?" ಎಂದು ಕೇಳಿದಳು ಅಷ್ಟೆ. ಯಾರಿಗೆ ಗೊತ್ತು? ಮೇಲೆ ಆರುನೂರು ರೋಗಿಗಳು, ನೂರಾರು ರೋಗಗಳು.

ದೊಡ್ಡಕ್ಕನಿಗೆ ಎರಡು ಸಲ ಚುಚ್ಚಿತ್ತು. ಆಗ ಕೊರಳಲ್ಲಿ ನೌಕರರ ಗುರುತು ಚೀಟಿ ಇತ್ತು. ರೋಗಿಯ ರಕ್ತದಿಂದ ಸೋಂಕು ಹತ್ತದ ಹಾಗೆ ಕಾಲು ಗಂಟೆಯಲ್ಲಿ ಮಾತ್ರೆ ನುಂಗಿಸಿದ್ದರು. ಎರಡು ಗಂಟೆಯೊಳಗೆ ನುಂಗಿದರೆ ಒಳ್ಳೆಯದು, ತಡವಾದಷ್ಟೂ ಭಯ ಜಾಸ್ತಿ ಎಂದು ಡಾಕ್ಟರು ಹೇಳಿದ್ದರು. ಆ ಮಾತು ಅವಳಿಗೆ ಮರೆತಿರಲಿಲ್ಲ.

ಟೀಚರನ್ನು ಟೈಲರ್ ಮೇಲೆ ಕರೆದುಕೊಂಡು ಹೋದ. ಮುಕ್ಕಾಲು ಗಂಟೆಯಾದ ಮೇಲೆ ಇಬ್ಬರೂ ತಿರುಗಿ ಬಂದರು. ಟೀಚರ ಕೈಯಲ್ಲಿ ಒಂದು ಟೋಕನ್ ಇತ್ತು.

"ಗುರುತು ಚೀಟಿ ಕೇಳಿದ್ರು," ಎಂದ ಟೈಲರ್. "ಇಲ್ಲ ಅಂದ್ವಿ. ಹಾಗಾದ್ರೆ ಹೊರಗಿನೋರ ಸಾಲಿಗೆ ಹೋಗಿ ಅಂದ್ರು. ನೂರಾ ಅರವತ್ಮೂರನೇ ನಂಬರು. ಈಗ ನಲವತ್ತೊಂದು ನಡೀತಿದೆ."

ಮೇಲ್ವಿಚಾರಕ ಫೋನಿನಲ್ಲಿದ್ದ. ಕೆಳಗಿಟ್ಟು ಗೆರೆಯ ಅಂಚಿಗೆ ಬಂದ. "ಉದ್ಯೋಗ ಕಚೇರಿಯವರನ್ನ ಕೇಳಿದೆ. ಆಸ್ಪತ್ರೆ ಒಳಗೆ ಆಗಿದ್ದಕ್ಕೆ ತಾವು ಜವಾಬ್ದಾರರಲ್ಲ ಅಂತಾರೆ. ಇವರು ನಮ್ಮ ನೌಕರರೂ ಅಲ್ಲ. ನಾನೇನು ಮಾಡ್ಲಿ? ಸಾಲಲ್ಲಿ ನಿಲ್ಲಲಿ."

"ಸಾಲು ಮುಗಿಯೋದು ಸಂಜೆಗೆ ಸಾರ್. ಮಾತ್ರೆ ಇಲ್ಲೇ ಇದೆ. ಎರಡು ಮಹಡಿ ಮೇಲೆ, ಕಪಾಟಲ್ಲಿ."

"ತಪ್ಪು ಅವರದೇ. ಮಡಿಸಬೇಡಿ ಅಂತ ನೀವೇ ಹೇಳಿರ್ಲಿಲ್ವಾ?"

"ಹೇಳಿದ್ದೆ. ಗ್ಲೌಸು ಕಿತ್ಕೊಂಡಿದ್ದೂ ನಾನೇ."

ದೊಡ್ಡಕ್ಕ ತನ್ನ ಕೈ ನೋಡಿಕೊಂಡಳು. ಗ್ಲೌಸು ಇನ್ನೂ ಅವಳ ಕೈಯಲ್ಲೇ ಇತ್ತು. ಯಾರಿಗಾಗಿ ಕಿತ್ತುಕೊಂಡೆ? ಸೋಮವಾರಕ್ಕಾಗಿ. ಅಷ್ಟು ಹೊತ್ತಿಗೆ ಥಿಯೇಟರಿನಿಂದ ಗಂಟೆ ಬಾರಿಸಿತು: ತೊಳೆದು ಹಬೆಯಲ್ಲಿ ಕಾಯಿಸಿಟ್ಟ ಬಟ್ಟೆ ಕಳಿಸಿ.

"ಮೊದಲು ಅದನ್ನ ಕಳ್ಸಿ," ಎಂದ ಮೇಲ್ವಿಚಾರಕ. "ಆಮೇಲೆ ಮಾತಾಡೋಣ."

ಒಗೆದ ಬಟ್ಟೆ ಇರುತ್ತಿದ್ದದ್ದು ಜಾಲರಿ ಬಾಗಿಲಿನ ಒಂದು ಕೋಣೆಯಲ್ಲಿ. ದೊಡ್ಡಕ್ಕ ಗ್ಲೌಸು ಬಿಚ್ಚಿ ಮೇಜಿನ ಮೇಲೆ ಎಸೆದಳು. ಹೋಗಿ ಬಾಗಿಲಿಗೆ ಬೀಗ ಹಾಕಿದಳು. ಬೀಗದ ಕೈ ಮುಷ್ಟಿಯಲ್ಲಿ ಹಿಡಿದು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು.

"ಮಾತ್ರೆ ಕೆಳಗೆ ಬರೋ ತನಕ ಒಂದು ಬಟ್ಟೆ ಚೂರೂ ಮೇಲೆ ಹೋಗಲ್ಲ."

"ಹುಚ್ಚು ಹಿಡೀತಾ ನಿಮಗೆ? ಅದು ಆಪರೇಷನ್!"

"ಗೊತ್ತು. ತುರ್ತಿಗೆ ಅಂತ ಎರಡು ಕಟ್ಟು ಬಟ್ಟೆ ಯಾವಾಗ್ಲೂ ಮೇಲೆ ಇಟ್ಟಿರ್ತಾರೆ. ಹತ್ತೊಂಬತ್ತು ವರ್ಷ ನಾನೇ ಕಟ್ಟಿ ಕಳ್ಸಿದೀನಿ. ಯಾರೂ ಸಾಯಲ್ಲ. ಕಾಯ್ತಾರೆ. ನಾವು ಕಾದಿಲ್ವಾ?"

ಮಾತು ಗಟ್ಟಿಯಾಗಿಯೇ ಬಂತು. ಒಳಗೆ ಧೈರ್ಯ ಅಷ್ಟಿರಲಿಲ್ಲ. ಮೇಲೆ ಮಲಗಿರುವವರಿಗೆ ಏನಾದರೂ ಆದರೆ? ಲೆಕ್ಕ ತಪ್ಪಿದ್ದರೆ? ಹೊಸ ಗುತ್ತಿಗೆದಾರ ಆ ಎರಡು ಕಟ್ಟನ್ನೂ ನಿಲ್ಲಿಸಿದ್ದರೆ? ಮೇಲ್ವಿಚಾರಕ ಮೊದಲ ಸಲ ಹಳದಿ ಗೆರೆ ದಾಟಿದ. ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ ಅಂದ:

"ಸೋಮವಾರದ ಮಾತು ಮರೆತ್ರಾ?"

"ಮರೆತಿಲ್ಲ. ಅದಕ್ಕೇ ಆ ಗ್ಲೌಸು ಕಿತ್ಕೊಂಡಿದ್ದು."

ಟೈಲರ್ ಹೋಗಿ ದೊಡ್ಡ ಮೆಷಿನ್ನಿನ ಗುಂಡಿ ಒತ್ತಿದ. ಗುರುಗುಟ್ಟುತ್ತಿದ್ದದ್ದು ನಿಂತಿತು. ಹನ್ನೆರಡು ವಾರದಲ್ಲಿ ಆ ನೆಲಮಾಳಿಗೆ ಅಷ್ಟು ಸುಮ್ಮನಾದದ್ದು ಅದೇ ಮೊದಲು. ಮೂವರು ಬಂದು ದೊಡ್ಡಕ್ಕನ ಪಕ್ಕ ಕುಳಿತರು. ಇಬ್ಬರು ಕೂರಲಿಲ್ಲ, ತಲೆ ತಗ್ಗಿಸಿಕೊಂಡು ಬಟ್ಟೆ ಕೊಡವುತ್ತಲೇ ಇದ್ದರು. ಅವರನ್ನು ಬೈಯುವುದು ಸುಲಭ. ಅವರ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು.

ಗಂಟೆ ಮತ್ತೆ ಮತ್ತೆ ಬಾರಿಸಿತು. ಕೊನೆಗೆ ಥಿಯೇಟರಿನ ಸಿಸ್ಟರೇ ಇಳಿದು ಬಂದಳು. ಐವತ್ತು ದಾಟಿದವಳು, ಕೆಂಡದಂಥ ಕೋಪದವಳು.

"ಯಾರದು ತಡ ಮಾಡ್ತಿರೋದು?"

"ನಾನು," ಎಂದಳು ದೊಡ್ಡಕ್ಕ. "ಆ ಹುಡುಗಿ ಕೈ ನೋಡಿ ಸಿಸ್ಟರ್, ಆಮೇಲೆ ಬೈರಿ."

ಸಿಸ್ಟರ್ ನೋಡಿದಳು. ಟೋಕನ್ನನ್ನೂ ನೋಡಿದಳು. "ಚುಚ್ಚಿ ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಐವತ್ತು ನಿಮಿಷ."

ಸಿಸ್ಟರ್ ಮೇಲ್ವಿಚಾರಕನ ಕಡೆ ತಿರುಗಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಅದನ್ನು ಕೇಳಲು ನಿಲ್ಲದೆ ಟೀಚರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು. ಆರು ನಿಮಿಷಕ್ಕೆ ಮೇಲಿನಿಂದ ಫೋನು ಬಂತು. ಮಾತ್ರೆ ನುಂಗಿದ್ದಾಯಿತು ಎಂದು ಟೀಚರೇ ಹೇಳಿದಳು. ದೊಡ್ಡಕ್ಕ ಬೀಗ ತೆಗೆದಳು. ಥಿಯೇಟರಿನ ಕಟ್ಟುಗಳನ್ನು ತಾನೇ ತಲೆಯ ಮೇಲೆ ಹೊತ್ತು ಎರಡು ಮಹಡಿ ಹತ್ತಿದಳು.

ಬಾಗಿಲಲ್ಲಿ ಸಿಸ್ಟರ್ ಕಟ್ಟು ಇಸಿದುಕೊಂಡಳು. "ನೀನು ಮಾಡಿದ್ದು ತಪ್ಪು. ಒಬ್ಬ ಮುದುಕ ಬೆಳಿಗ್ಗೆಯಿಂದ ಹಸ್ಕೊಂಡು ಮಲಗಿದಾನೆ ಒಳಗೆ."

"ತಪ್ಪೇ ಸಿಸ್ಟರ್. ಬೇರೆ ದಾರಿ ಯಾವುದು, ನೀವೇ ಹೇಳಿ."

ಸಿಸ್ಟರ್ ಕಟ್ಟು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ಮರುದಿನವೇ ಸಲಹೆಗಾರನಿಂದ ಕರೆ. ಮೇಜಿನ ಮೇಲೆ ಎರಡು ನೀಲಿ ಪುಸ್ತಕಗಳಿದ್ದವು, ಒಂದು ಅವಳದು, ಇನ್ನೊಂದು ಟೀಚರದು. ಟೀಚರ ಗುರುವಾರದಲ್ಲಿ ನಾಲ್ಕು ಗಂಟೆ ಕೆಂಪಾಗಿತ್ತು. ಸಾಲಿನಲ್ಲಿ ನಿಂತದ್ದು, ಮಾತ್ರೆ ನುಂಗಿ ಬೆಂಚಿನ ಮೇಲೆ ಮಲಗಿದ್ದು ಸದುಪಯೋಗವಲ್ಲ. ದೊಡ್ಡಕ್ಕನ ಪುಸ್ತಕದಲ್ಲಿ ಇಡೀ ಪುಟಕ್ಕೇ ಗೆರೆ.

"ಅಸಹಕಾರ ಅಂತ ವರದಿ ಬಂದಿದೆ. ನನಗೂ ಬೇಜಾರೇ ಅಮ್ಮಾ. ದಯವಿಟ್ಟು ತಪ್ಪು ತಿಳ್ಕೋಬೇಡಿ. ಹೆಸರು ತೆಗೀಲೇಬೇಕು."

"ತೆಗೀರಿ. ಒಂದು ಕೇಳ್ತೀನಿ. ಆ ಒಂದು ಹುದ್ದೆ ನಿಜವಾಗ್ಲೂ ಇತ್ತಾ?"

ಅವನು ಒಳ್ಳೆಯವನು, ಸುಳ್ಳು ಹೇಳಲು ಬರುತ್ತಿರಲಿಲ್ಲ. ಕಾಗದ ತಿರುವಿ ಹಾಕಿದ. "ಲಾಂಡ್ರಿಯಲ್ಲಾ? ನಮ್ಮಲ್ಲಿ ಖಾಲಿ ಹುದ್ದೆ ಅಂತ ಏನೂ ಬಂದಿಲ್ಲ. ಹೊಸ ತಂಡ ಎಂಟು ಜನ ಬೇಕು ಅಂತ ಪತ್ರ ಬಂದಿದೆ. ಇದೇ ಸೋಮವಾರಕ್ಕೆ."

ಅವಳು ಮೆಟ್ಟಿಲಿಳಿದು ರಸ್ತೆಗೆ ಬಂದಳು. ಇಲ್ಲದ ಹುದ್ದೆಗಾಗಿ ಒಂದು ಹೆಣ್ಣಿನ ಕೈಯಿಂದ ಗ್ಲೌಸು ಬಿಚ್ಚಿಸಿದೆನಲ್ಲ ಎಂದು ನಡುರಸ್ತೆಯಲ್ಲಿ ನಿಂತು ಗಟ್ಟಿಯಾಗಿ ಅತ್ತಳು. ಜನ ಸುತ್ತಿಬಳಸಿ ಹೋದರು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. "ಮುಂದಿನ ತಿಂಗಳು ದಿನಸಿಗೆ ಏನೇ ಮಾಡ್ತೀಯಾ?" ಎಂದಳು.

"ಗೊತ್ತಿಲ್ಲ ಅತ್ತೆ."

"ಆ ಹುಡುಗಿ ಹೇಗಿದಾಳೆ?"

"ಒಂದು ತಿಂಗಳು ನುಂಗಬೇಕಂತೆ. ಇನ್ನೂ ಏನೂ ಹೇಳೋಕಾಗಲ್ಲ."

ಸೋಮವಾರ ಏಳೂವರೆಗೆಲ್ಲ ದೊಡ್ಡಕ್ಕ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿದ್ದಳು. ಕಾವಲುಗಾರ ಅವಳನ್ನು ಇಪ್ಪತ್ತು ವರ್ಷದಿಂದ ಬಲ್ಲವನು. ಮುಖ ಬೇರೆ ಕಡೆ ತಿರುಗಿಸಿ ಅಂದ, "ನಿನ್ನ ಒಳಗೆ ಬಿಡಬಾರದು ಅಂದಿದಾರೆ ದೊಡ್ಡಕ್ಕ."

"ಬಿಡಬೇಡ. ರಸ್ತೆ ಅವರಪ್ಪಂದಲ್ವಲ್ಲ."

ಹೊಸ ತಂಡದ ಎಂಟು ಜನ ಒಬ್ಬೊಬ್ಬರಾಗಿ ಬಂದರು. ಕಂಕುಳಲ್ಲಿ ನೀಲಿ ಪುಸ್ತಕ, ಕೈಯಲ್ಲಿ ಊಟದ ಡಬ್ಬಿ. ಒಬ್ಬೊಬ್ಬರನ್ನೂ ಅವಳು ನಿಲ್ಲಿಸಿದಳು. ಕೊಳೆಬಟ್ಟೆಯನ್ನು ಹೇಗೆ ಕೊಡವಬೇಕೆಂದು ತನ್ನ ಸೆರಗಿನ ಎರಡು ತುದಿ ಹಿಡಿದು ತೋರಿಸಿದಳು. ಗುರುವಾರ ಆದದ್ದನ್ನು ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ.

"ಗಂಟೆ ತುಂಬಬೇಕಲ್ಲಕ್ಕಾ ನಮಗೂ," ಎಂದಳು ಒಬ್ಬಳು. "ಪಟ್ಟಿಯಿಂದ ಹೋದ್ರೆ ಏನು ಗತಿ?"

"ನಾನು ಹೋಗಬೇಡಿ ಅನ್ನಲ್ಲ ತಾಯಿ. ಒಂದು ಮಾತು ಕೇಳಿ ಒಳಗೆ ಹೋಗಿ ಅಂತೀನಿ, ಅಷ್ಟೆ."

ಎಂಟಕ್ಕೆ ಐದು ನಿಮಿಷವಿತ್ತು. ಆಗ ಬಸ್ಸಿಳಿದು ಟೀಚರ್ ಬಂದಳು. ಮುಖ ಬಿಳಿಚಿತ್ತು, ತುಟಿ ಒಣಗಿತ್ತು. ಮಾತ್ರೆ ಒಗ್ಗದೆ ರಾತ್ರಿಯೆಲ್ಲ ವಾಂತಿಯಾಗಿತ್ತಂತೆ. ಅವಳನ್ನು ನೋಡಲು ದೊಡ್ಡಕ್ಕನಿಗೆ ಧೈರ್ಯ ಸಾಲಲಿಲ್ಲ. ಟೀಚರ್ ಬಂದು ಪಕ್ಕದಲ್ಲಿ ನಿಂತಳು. ಕೈಗೆ ಕಟ್ಟಿದ ಬಟ್ಟೆ ಬಿಚ್ಚಿ ಹೆಬ್ಬೆರಳ ಬುಡವನ್ನು ಎಂಟು ಜನಕ್ಕೂ ತೋರಿಸಿದಳು.

ಗೇಟಿನ ಒಳಗಿನಿಂದ ಮೇಲ್ವಿಚಾರಕ ಬಂದ. "ಏನಿದು? ಎಲ್ಲರೂ ಒಳಗೆ ನಡೀರಿ. ನಿಮಗಿಬ್ಬರಿಗೂ ಮಾಡೋಕೆ ಕೆಲಸ ಇಲ್ವಾ? ಬೆಳಿಗ್ಗೆ ಬೆಳಿಗ್ಗೆ ಇಲ್ಲಿ ಬಂದು ಕಾಲ ಹಾಳು ಮಾಡ್ತಿದೀರಿ."

"ಕೆಲಸ ಇಲ್ಲ ಸಾರ್, ಹುಡುಕ್ತಾ ಇದೀವಿ," ಎಂದಳು ದೊಡ್ಡಕ್ಕ. "ಹುಡುಕೋರು ಖಾಲಿ ಕೂರಬಾರದಂತೆ."

ಗುಂಪಿನ ಹಿಂದಿನಿಂದ ಒಬ್ಬ ಮುಂದೆ ಬಂದ. ವಯಸ್ಸಾದವನು.

"ಸಾರ್, ಸೂಜಿ ಚುಚ್ಚಿದ್ರೆ ಮಾತ್ರೆ ಯಾರು ಕೊಡ್ತಾರೆ?"

ಮೇಲ್ವಿಚಾರಕ ಅವನನ್ನು ನೋಡಿದ. ಕಾವಲುಗಾರನನ್ನು ನೋಡಿದ. ಗಡಿಯಾರ ನೋಡಿಕೊಂಡ. ನೆಲಮಾಳಿಗೆಯಲ್ಲಿ ಥಿಯೇಟರಿನ ಗಂಟೆ ಬಾರಿಸುತ್ತಿರುವುದು ಗೇಟಿನ ತನಕ ಕೇಳುತ್ತಿತ್ತು. ಎಂಟು ದಾಟಿ ಹತ್ತು ನಿಮಿಷವಾಗಿತ್ತು. ಇನ್ನೂ ಒಬ್ಬರೂ ಒಳಗೆ ಹೋಗಿರಲಿಲ್ಲ.